ಪಪ್ಪನ ಕುರ್ಚಿ, ಕ್ಯಾಪ್ಟನ್ನರ ಸ್ಟೂಲು

ನಮ್ಮ ಮನೆಗೆ ಪಪ್ಪ ವಿಸಿಟ್ ವೀಸಾದಲ್ಲಿ ಬರುತ್ತಿದ್ದರು. ಇದನ್ನು ಹೇಳಿದರೆ ಜನ ನಗುತ್ತಾರೆ, ನಾನೂ ಸೇರಿಕೊಂಡು ನಗುತ್ತೇನೆ, ಆದರೆ ಮಾತು ನಿಜ. ಅಮ್ಮ ದುಬೈಯ ಒಂದು ಕ್ಲಿನಿಕ್ಕಿನಲ್ಲಿ ನರ್ಸ್, ನನ್ನ ವೀಸಾ ಅಮ್ಮನ ಹೆಸರಿನಲ್ಲಿತ್ತು. ಪಪ್ಪ ಒಂದು ಸಣ್ಣ ಸರಕು ಹಡಗಿನಲ್ಲಿ ಬೋಸನ್, ಎಂದರೆ ಡೆಕ್ಕಿನ ಖಲಾಸಿಗಳ ಮೇಸ್ತ್ರಿ. ಹಗ್ಗ, ಸರಪಳಿ, ಲಂಗರು, ಬಣ್ಣ, ಏಣಿ ಎಲ್ಲವೂ ಅವರ ಜವಾಬ್ದಾರಿ. ಒಂಬತ್ತು ತಿಂಗಳು ನೀರಿನ ಮೇಲಿದ್ದು, ಎರಡು ತಿಂಗಳ ರಜೆಗೆ ಅಲ್ ನಹ್ದಾದ ನಮ್ಮ ನಾಲ್ಕನೇ ಮಹಡಿಯ ಫ್ಲ್ಯಾಟಿಗೆ ನೆಂಟರ ಹಾಗೆ ಬರುತ್ತಿದ್ದರು. ಬಂದ ಮೊದಲ ವಾರ ಟವೆಲ್ ಎಲ್ಲಿದೆ ಎಂದು ಅಮ್ಮನನ್ನು ಕೇಳುತ್ತಿದ್ದರು. ಕೇಳದೆ ಹುಡುಕಿಕೊಳ್ಳಲು ಕಲಿಯುವಷ್ಟರಲ್ಲಿ ವೀಸಾ ಮುಗಿಯುತ್ತಿತ್ತು. ಹಡಗು ಹೆಚ್ಚಾಗಿ ಅಬುಧಾಬಿಗೆ ಬರುತ್ತಿತ್ತು, ದುಬೈಗೆ ಅಪರೂಪ. ಅಬುಧಾಬಿಗೆ ಬಂದರೆ ನಾನೂ ಅಮ್ಮನೂ ಬಸ್ಸಿನಲ್ಲಿ ಎರಡು ಗಂಟೆ ಹೋಗಿ, ಬಂದರಿನ ಗೇಟಿನ ಹೊರಗೆ ಬಿಸಿಲಲ್ಲಿ ನಿಂತು, ಅರ್ಧ ಗಂಟೆ ಪಪ್ಪನನ್ನು ನೋಡಿ ಬರುತ್ತಿದ್ದೆವು. ಅವರ ಅಂಗಿಗೆ ಡೀಸೆಲ್ ಮತ್ತು ಉಪ್ಪಿನ ವಾಸನೆ ಇರುತ್ತಿತ್ತು. ವಾಪಸ್ಸು ಬರುವಾಗ ಬಸ್ಸಿನಲ್ಲಿ ನನ್ನ ಕೈಯನ್ನು ಮೂಸಿಕೊಂಡು ಕೂರುತ್ತಿದ್ದೆ.

ಹಾಲಿನಲ್ಲಿ ಒಂದು ಸಣ್ಣ ಊಟದ ಮೇಜು, ಮೂರು ಕುರ್ಚಿ. ಮನೆ ಖಾಲಿ ಮಾಡಿ ಹೊರಟ ಒಂದು ಫಿಲಿಪಿನೋ ಸಂಸಾರದಿಂದ ಅಮ್ಮ ಕೊಂಡದ್ದು. ನಾಲ್ಕನೆಯ ಕುರ್ಚಿ ಮುರಿದಿತ್ತು, ಅದನ್ನು ಅವರೇ ಎಸೆದಿದ್ದರು. ಬಾಲ್ಕನಿಗೆ ಮುಖ ಮಾಡಿದ ಕುರ್ಚಿ ಪಪ್ಪನದು. ಪಪ್ಪ ಇಲ್ಲದಾಗ ಅದರಲ್ಲಿ ಯಾರೂ ಕೂರಬಾರದು ಎಂದು ಅಮ್ಮ ಎಂದೂ ಬಾಯಿಬಿಟ್ಟು ಹೇಳಿರಲಿಲ್ಲ. ಆದರೆ ಒಣಗಿದ ಬಟ್ಟೆಯನ್ನು ನನ್ನ ಕುರ್ಚಿಯ ಮೇಲೆ ರಾಶಿ ಹಾಕುತ್ತಿದ್ದಳೇ ಹೊರತು ಆ ಕುರ್ಚಿಗೆ ಒಂದು ಕರವಸ್ತ್ರವನ್ನೂ ತಾಗಿಸುತ್ತಿರಲಿಲ್ಲ. ಶಾಲೆಯಿಂದ ಬಂದು ನಾನು ಆ ಖಾಲಿ ಕುರ್ಚಿಯ ಎದುರು ಕೂತು ಹೋಂವರ್ಕ್ ಮಾಡುತ್ತಿದ್ದೆ. ಬಾಲ್ಕನಿಯಾಚೆ ಶಾರ್ಜಾದ ಕಡೆಗೆ ಹೋಗುವ ಕಾರುಗಳು ಒಂದಕ್ಕೊಂದು ಅಂಟಿಕೊಂಡು ನಿಂತಿರುತ್ತಿದ್ದವು. ಸಮುದ್ರ ಮಾತ್ರ ಎಲ್ಲೂ ಕಾಣುತ್ತಿರಲಿಲ್ಲ.

ಕ್ಯಾಪ್ಟನ್ ಓಕೋನ್ ನಮ್ಮ ಬದುಕಿಗೆ ಬಂದದ್ದು ಒಣಸಿಗಡಿಯ ದೆಸೆಯಿಂದ. ಮಲ್ಪೆಯ ಅಜ್ಜಿ ಯಾರಾದರೂ ಬರುವವರ ಕೈಯಲ್ಲಿ ಒಣಸಿಗಡಿ ಕಳಿಸುತ್ತಿದ್ದಳು. ಅಮ್ಮ ಅದನ್ನು ಹುರಿದಳೆಂದರೆ ನಾಲ್ಕನೇ ಮಹಡಿಯಿಂದ ಲಿಫ್ಟಿನ ತನಕ ಸುದ್ದಿ ಮುಟ್ಟುತ್ತಿತ್ತು. ಕಟ್ಟಡದ ಕಾವಲುಗಾರನನ್ನು ಅಲ್ಲಿ ಎಲ್ಲರೂ ನಾತೂರ್ ಎನ್ನುತ್ತಾರೆ. ನಮ್ಮ ನಾತೂರ್ ಒಂದು ದಿನ ಬಾಗಿಲು ತಟ್ಟಿ, ನಾಲ್ಕನೇ ಮಹಡಿಯಿಂದ ನಾತ ಬರುತ್ತದೆಂದು ಜನ ದೂರು ಕೊಟ್ಟಿದ್ದಾರೆ ಎಂದ. ಅಮ್ಮ ನಾಚಿಕೆಯಿಂದ ಕೆಂಪಗಾಗಿ ನಿಂತಿದ್ದಾಗ ಎದುರಿನ ಫ್ಲ್ಯಾಟಿನ ಬಾಗಿಲು ತೆರೆಯಿತು. ಆರಡಿ ಮೀರಿದ ಎತ್ತರದ, ಬಿಳಿ ಬನಿಯನ್ ತೊಟ್ಟ ಕಪ್ಪು ಮನುಷ್ಯರೊಬ್ಬರು ಕೈಯಲ್ಲಿ ಸೌಟು ಹಿಡಿದು ಹೊರಗೆ ಬಂದರು. ಆವರೆಗೆ ಲಿಫ್ಟಿನಲ್ಲಿ ಅವರು ಬಂದರೆ ಅಮ್ಮ ನನ್ನನ್ನು ತನ್ನ ಕಡೆಗೆ ಎಳೆದುಕೊಳ್ಳುತ್ತಿದ್ದಳು. ಇದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೆ ಹಾಗೆಯೇ ಇತ್ತು. ಅವರು ನಾತೂರನಿಗೆ ಬಂದರಿನ ಹಿಂದಿಯಲ್ಲಿ ಹೇಳಿದರು:

"ದೂರು ನನ್ನ ಮೇಲೆ ಬರೆದುಕೋ. ವಾಸನೆ ನನ್ನ ಅಡುಗೆಮನೆಯದು."

ಅದು ಪೂರ್ತಿ ಸುಳ್ಳೂ ಅಲ್ಲ. ಅವರ ಒಲೆಯ ಮೇಲೂ ಆ ಹೊತ್ತಿಗೆ ಒಣಸಿಗಡಿ ಪುಡಿ ಹಾಕಿದ ಬೆಂಡೆಕಾಯಿ ಸಾರು ಕುದಿಯುತ್ತಿತ್ತು. ನಾತೂರ್ ಹೋದ ಮೇಲೆ ಅಮ್ಮ ಒಂದು ಬಟ್ಟಲಿನಲ್ಲಿ ಚಟ್ನಿ ಹಾಕಿ ನನ್ನ ಕೈಯಲ್ಲಿ ಕಳಿಸಿದಳು. ಬಟ್ಟಲು ವಾಪಸ್ಸು ಬಂದಾಗ ಅದರಲ್ಲಿ ಅವರ ಊರಿನ ಸಿಗಡಿ ಪುಡಿ ಇತ್ತು. ಅಮ್ಮ ಮೂಸಿ ನೋಡಿ, ನನಗಿಂತ ಹೆಚ್ಚಾಗಿ ತನಗೇ ಹೇಳಿಕೊಂಡಳು:

"ಇದು ನಮ್ಮದೇ ಅಲ್ಲವಾ ಮಾರಾಯ್ತಿ. ಇವರೂ ನಮ್ಮವರೇ ಅಂತ ಆಯ್ತು."

ಅವರು ನೈಜೀರಿಯಾದವರು, ದುಬೈಯ ಬಂದರಿನಲ್ಲಿ ಪೈಲಟ್. ವಿಮಾನದ್ದಲ್ಲ, ಹಡಗಿನದು. ಹೊರಗಿನಿಂದ ಹಡಗು ಬಂದಾಗ ಸಣ್ಣ ಬೋಟಿನಲ್ಲಿ ಎದುರು ಹೋಗಿ, ಹಡಗಿನ ಪಕ್ಕಕ್ಕೆ ಇಳಿಬಿಟ್ಟ ಹಗ್ಗದ ಏಣಿ ಹತ್ತಿ, ಅದನ್ನು ದಕ್ಕೆಗೆ ತಂದು ನಿಲ್ಲಿಸುವ ಕೆಲಸ. ಅದಕ್ಕಿಂತ ಮೊದಲು ಇಪ್ಪತ್ತು ವರ್ಷ ಸಮುದ್ರದಲ್ಲಿದ್ದರು. ಹದಿನೇಳಕ್ಕೆ ಕೆಡೆಟ್, ಎಂದರೆ ಕೆಲಸ ಕಲಿಯುವ ಹುಡುಗನಾಗಿ ಹಡಗು ಹತ್ತಿ, ಮೂರನೇ ಮೇಟ್, ಎರಡನೇ ಮೇಟ್, ಚೀಫ್ ಮೇಟ್ ಎಂದು ಅಧಿಕಾರಿಗಳ ಒಂದೊಂದೇ ಮೆಟ್ಟಿಲು ಏರಿ ಮಾಸ್ಟರ್, ಎಂದರೆ ಹಡಗಿನ ಕಪ್ತಾನ, ಆದವರು. ಮಾಸ್ಟರ್ ಪರೀಕ್ಷೆಯ ಸರ್ಟಿಫಿಕೇಟು ಅವರ ಹಾಲಿನಲ್ಲಿ ಕಟ್ಟು ಹಾಕಿಸಿ ತೂಗಿತ್ತು, ಪಕ್ಕದಲ್ಲಿ ಹೆಂಡತಿ ಮತ್ತು ಮೂರು ಮಕ್ಕಳ ಫೋಟೊ. ತಾವು ಕೆಲಸಕ್ಕಿದ್ದ ಹಡಗು ಕಂಪನಿ ಮುಚ್ಚಿದಾಗ ಊರಿನಲ್ಲಿ ಕೆಲಸವಿಲ್ಲದೆ ಗಲ್ಫಿಗೆ ಬಂದಿದ್ದರು. ಒಂದೇ ಆಸೆ ಅವರಿಗೆ: ತಮ್ಮ ಊರಿನ ನದಿಯ ಬಂದರಿಗೆ ಹಾರ್ಬರ್ ಮಾಸ್ಟರ್ ಆಗಿ, ಆ ಬಂದರಿನ ಯಜಮಾನನಾಗಿ ಮರಳುವುದು. ಆ ನದಿಯ ತಿರುವುಗಳನ್ನು ನನಗೆ ಊಟದ ಮೇಜಿನ ಮೇಲೆ ಬೆರಳಿನಿಂದ ಬರೆದು ತೋರಿಸುತ್ತಿದ್ದರು. ಎಲ್ಲಿ ಮರಳ ದಿಣ್ಣೆ, ಎಲ್ಲಿ ಮ್ಯಾಂಗ್ರೋವ್, ಎಲ್ಲಿ ಅವರ ತಾಯಿ ಬಟ್ಟೆ ಒಗೆಯುತ್ತಿದ್ದ ಕಲ್ಲು. ಹತ್ತು ವರ್ಷದ ನನಗೆ ದುಬೈಯ ಮೆಟ್ರೋ ಸ್ಟೇಷನ್ನುಗಳಿಗಿಂತ ಆ ನದಿ ಚೆನ್ನಾಗಿ ಬಾಯಿಪಾಠವಾಗಿತ್ತು.

ಶುಕ್ರವಾರ ಡ್ಯೂಟಿ ಇಲ್ಲದಿದ್ದರೆ ಮಧ್ಯಾಹ್ನ ನಮ್ಮಲ್ಲಿ ಊಟ. ಮೊದಲ ಸಲ ಬಂದಾಗ ಅಮ್ಮ ಪಪ್ಪನ ಕುರ್ಚಿಯನ್ನು ಎಳೆದು ಕೊಟ್ಟಳು. ಅವರು ಕೂರಲಿಲ್ಲ.

"ಇದು ಯಾರದು, ಸಿಸ್ಟರ್?" ಎಂದು ಕೇಳಿದರು.

"ನಮ್ಮ ಯಜಮಾನರದು. ಅವರು ಶಿಪ್ಪಿನಲ್ಲಿದ್ದಾರೆ. ಪರವಾಗಿಲ್ಲ, ಕೂತುಕೊಳ್ಳಿ."

ಹಡಗಿನ ಮೇಲ್ಗಡೆ ಮಾಸ್ಟರನ ಕುರ್ಚಿಯಲ್ಲಿ ಮಾಸ್ಟರ್ ಒಬ್ಬನೇ ಕೂರುವುದು, ಅವನು ಮಲಗಿದ್ದರೂ ಬೇರೆ ಯಾರೂ ಕೂರುವುದಿಲ್ಲ ಎಂದು ಹೇಳಿ, ತಮ್ಮ ಮನೆಗೆ ಹೋಗಿ ಒಂದು ಮಡಚುವ ಸ್ಟೂಲು ತಂದರು. ಮೀನು ಹಿಡಿಯಲು ಹೋಗುವವರು ಒಯ್ಯುವಂಥದು, ನೀಲಿ ಕ್ಯಾನ್ವಾಸಿನದು. ಅಷ್ಟು ದೊಡ್ಡ ಆಳು ಅಷ್ಟು ಚಿಕ್ಕ ಸ್ಟೂಲಿನ ಮೇಲೆ ಕೂತರೆ ಮೊಣಕಾಲು ಮೇಜಿನ ಅಂಚಿಗೆ ಬರುತ್ತಿತ್ತು. ಆಮೇಲೆ ಆ ಸ್ಟೂಲು ನಮ್ಮ ಬಾಗಿಲ ಹಿಂದೆಯೇ ಉಳಿಯಿತು. ಕುಚ್ಚಲಕ್ಕಿ ಗಂಜಿ, ಒಣಸಿಗಡಿ ಚಟ್ನಿ, ಬಂಗುಡೆ ಪುಳಿಮುಂಚಿ, ಇವುಗಳ ಮುಂದೆ ಅವರು ಮಾತಾಡುತ್ತಿರಲಿಲ್ಲ. ಉಂಡು ಮುಗಿಸಿದ ಮೇಲೆ ಮಾತು. ನನ್ನನ್ನು ಕೆಡೆಟ್ ಎಂದು ಕರೆಯುತ್ತಿದ್ದರು. ಕೆಡೆಟ್ ಎಂದರೆ ತಟ್ಟೆ ತೊಳೆಯಬೇಕು, ಪ್ರಶ್ನೆ ಕೇಳಬೇಕು, ಅಳಬಾರದು. ಮೂರನೆಯದು ನನ್ನಿಂದ ಆಗುತ್ತಿರಲಿಲ್ಲ. ಪಪ್ಪನ ಫೋನು ಬಂದು ಲೈನು ಕಡಿದುಹೋದಾಗಲೆಲ್ಲ ಅಳುತ್ತಿದ್ದೆ. ಆಗ ಅವರು ಪಪ್ಪನ ಹಡಗು ಎಲ್ಲಿದೆ ಎಂದು ತಮ್ಮ ಆಫೀಸಿನಲ್ಲಿ ನೋಡಿ ಬಂದು, ಮೇಜಿನ ಮೇಲೆ ಒಂದು ಅನ್ನದ ಅಗುಳನ್ನು ಇಟ್ಟು ಹೇಳುತ್ತಿದ್ದರು:

"ಇಲ್ಲಿ. ಗಾಳಿ ಹಿಂದಿನಿಂದ. ನಿನ್ನ ಪಪ್ಪ ಈಗ ಚಹಾ ಕುಡಿಯುತ್ತಿರುತ್ತಾರೆ."

ಆ ಅಗುಳನ್ನು ನಾನು ಒರೆಸಲು ಬಿಡುತ್ತಿರಲಿಲ್ಲ. ಇಂದಿಗೂ ನನಗೆ ಮನೆ ಎಂದರೆ ಆ ಮೇಜು, ಆ ಶುಕ್ರವಾರ, ದೂರದ ಮಸೀದಿಯ ಬಾಂಗು, ಮತ್ತು ಒಣಗಿ ಮೇಜಿಗೆ ಅಂಟಿಕೊಂಡ ಆ ಒಂದು ಅಗುಳು. ಅದಕ್ಕಿಂತ ದೊಡ್ಡ ಮನೆಗಳಲ್ಲಿ ಆಮೇಲೆ ಇದ್ದೇನೆ. ಯಾವುದೂ ಹಾಗೆ ಕಾಡುವುದಿಲ್ಲ.

ಒಮ್ಮೆ ಪಪ್ಪನ ಹಡಗು ದುಬೈಗೇ ಬರುತ್ತದೆಂದು ಗೊತ್ತಾಯಿತು. ಒಂಬತ್ತು ತಿಂಗಳು ಮುಗಿಯುತ್ತಿತ್ತು. ಅಲ್ಲಿ ಇಳಿದು ಎರಡು ತಿಂಗಳು ಮನೆಯಲ್ಲಿದ್ದು, ಅದೇ ಹಡಗಿಗೆ ಹೆಚ್ಚಿನ ಸಂಬಳಕ್ಕೆ ಮರಳುವ ಮಾತಾಗಿತ್ತು. ನಾನು ಕ್ಯಾಪ್ಟನ್ ಅಂಕಲ್‌ನ ಬೆನ್ನು ಬಿದ್ದೆ: ಪಪ್ಪನ ಹಡಗನ್ನು ನೀವೇ ಒಳಗೆ ತರಬೇಕು. ಅವರು ಡ್ಯೂಟಿ ಪಟ್ಟಿಯಲ್ಲಿ ಇನ್ನೊಬ್ಬರೊಡನೆ ಅದಲು ಬದಲು ಮಾಡಿಕೊಂಡರು. ಅಮ್ಮ ಹಿಂದಿನ ದಿನ ಪಪ್ಪನಿಗೆ ಫೋನ್ ಮಾಡಿದಾಗ ನಾನು ಪಕ್ಕದಲ್ಲೇ ಇದ್ದೆ.

"ನಾಳೆ ನಿಮ್ಮ ಪೈಲಟ್ ಯಾರು ಗೊತ್ತುಂಟಾ? ನಮ್ಮ ಎದುರುಮನೆ ಕ್ಯಾಪ್ಟನ್. ಫೋಟೊ ಕಳಿಸಿದ್ದೇನಲ್ಲ, ಅವರೇ. ನಿಮಗೆ ಚಟ್ನಿ ಅವರ ಕೈಯಲ್ಲೇ ಕಳಿಸ್ತೇನೆ. ನಮ್ಮದೇ ಜನ, ಎಂತ ಟೆನ್ಶನ್ ಇಲ್ಲ," ಎಂದಳು.

ಆ ಶುಕ್ರವಾರ ಬೆಳಿಗ್ಗೆ ಅಮ್ಮ ಎದ್ದವಳೇ ಮೂರು ಬಗೆಯ ಅಡುಗೆಗೆ ಕೈಹಾಕಿದಳು. ಸ್ಟೀಲಿನ ಡಬ್ಬಿಗೆ ಚಟ್ನಿ ತುಂಬಿ, ಎಣ್ಣೆ ಸೋರದ ಹಾಗೆ ಬಟ್ಟೆ ಕಟ್ಟಿ ಕ್ಯಾಪ್ಟನ್ನರ ಚೀಲದಲ್ಲಿಟ್ಟೆವು. ನಾನು ಪಪ್ಪನ ಕುರ್ಚಿಯನ್ನು ಒದ್ದೆ ಬಟ್ಟೆಯಿಂದ ಒರೆಸಿದೆ, ಸ್ಟೂಲನ್ನು ಬಿಡಿಸಿ ಪಕ್ಕದಲ್ಲಿಟ್ಟೆ. ನಾಲ್ವರೂ ಒಟ್ಟಿಗೆ ಕೂರುವ ಮೊದಲ ಊಟ ಅದು. ಮಧ್ಯಾಹ್ನ ಎರಡಾಯಿತು, ಮೂರಾಯಿತು. ಗಂಜಿ ತಣಿದು ಕೆನೆಗಟ್ಟಿತು. ನಾಲ್ಕರ ಸುಮಾರಿಗೆ ಬಾಗಿಲು ತಟ್ಟಿದ ಸದ್ದಾಯಿತು. ಕ್ಯಾಪ್ಟನ್ ಒಬ್ಬರೇ ನಿಂತಿದ್ದರು, ಯೂನಿಫಾರ್ಮಿನಲ್ಲೇ. ಡಬ್ಬಿಯನ್ನು ಎರಡೂ ಕೈಯಲ್ಲಿ ಹಿಡಿದಿದ್ದರು, ಮೇಲೆ ಕಟ್ಟಿದ ಬಟ್ಟೆ ಬಿಚ್ಚಿರಲಿಲ್ಲ.

"ಸಿಸ್ಟರ್, ನಾನು ಹಡಗು ಹತ್ತಲಿಲ್ಲ. ಏಣಿ ಸರಿಯಾಗಿ ಕಟ್ಟಿರಲಿಲ್ಲ. ವಾಪಸ್ಸು ಕಳಿಸಿದೆ."

ಅಮ್ಮನಿಗೆ ಅರ್ಥವಾಗಲಿಲ್ಲ. "ಅಂದರೆ ಇವರು ಯಾವಾಗ ಬರ್ತಾರೆ?" ಎಂದು ಕೇಳಿದಳು.

"ಗೊತ್ತಿಲ್ಲ. ನಾನು ವರದಿ ಬರೆದಿದ್ದೇನೆ. ಬರೆಯಲೇಬೇಕಾಗಿತ್ತು."

ಅವರು ಒಳಗೆ ಬರಲಿಲ್ಲ. ಅಮ್ಮ ಕರೆಯಲೂ ಇಲ್ಲ.

ನಡೆದದ್ದನ್ನು ಆಗ ತುಂಡು ತುಂಡಾಗಿ ಕೇಳಿದ್ದೆ, ಈಗ ಪೂರ್ತಿ ಗೊತ್ತು. ಪೈಲಟ್ ಏಣಿಯ ಎರಡು ಬದಿಗೆ ದಪ್ಪ ಹಗ್ಗ ಇರುತ್ತದೆ. ಪ್ರತಿ ಹಗ್ಗಕ್ಕೂ ಬೇರೆ ಸಣ್ಣ ಹಗ್ಗದಿಂದ, ಎಳೆದಷ್ಟೂ ಬಿಗಿಯುವ ಗಂಟು ಹಾಕಿ ಡೆಕ್ಕಿಗೆ ಕಟ್ಟಬೇಕು. ಹಾಗೆ ಕಟ್ಟಿದರೆ ಏರುವವನ ಭಾರ ಹಗ್ಗದ ಮೇಲೆ ಬೀಳುತ್ತದೆ. ಅದಕ್ಕೆ ಹತ್ತು ನಿಮಿಷ ಹಿಡಿಯುತ್ತದೆ. ಅವಸರವಿದ್ದರೆ ಎರಡು ಹಗ್ಗಕ್ಕೂ ಸೇರಿಸಿ ಒಂದು ಕಬ್ಬಿಣದ ಕೊಂಡಿ ಸಿಕ್ಕಿಸಿಬಿಡುತ್ತಾರೆ, ಒಂದೇ ನಿಮಿಷದ ಕೆಲಸ. ಆಗ ಕೊಂಡಿ ಮೆಟ್ಟಿಲಿಗೆ ತಾಗಿ ನಿಂತು, ಭಾರವೆಲ್ಲ ಆ ಒಂದು ಮೆಟ್ಟಿಲಿನ ಮೇಲೆ ಕೂರುತ್ತದೆ. ಪಪ್ಪನ ಹಡಗು ಅಂದು ಮೈತುಂಬ ಸರಕು ಹೊತ್ತು ತಗ್ಗಿತ್ತು, ಏರಬೇಕಾದದ್ದು ಏಳೆಂಟು ಮೆಟ್ಟಿಲು ಅಷ್ಟೆ. ಬೋಟಿನಿಂದಲೇ ಡೆಕ್ಕಿನ ಅಂಚು ಕಾಣುತ್ತಿತ್ತು, ಕೊಂಡಿಯೂ ಕಾಣುತ್ತಿತ್ತು. ಮೇಲೆ ಪಪ್ಪ ನಗುತ್ತಾ ಕೈಬೀಸಿದರಂತೆ. ಕೆಳಗೆ ಕ್ಯಾಪ್ಟನ್ ತಲೆ ಅಲ್ಲಾಡಿಸಿ, ಈ ಏಣಿ ಹತ್ತುವುದಿಲ್ಲ ಎಂದು ರೇಡಿಯೊದಲ್ಲಿ ಹೇಳಿದರಂತೆ. ಬಿಚ್ಚಿ ಕಟ್ಟುವಷ್ಟರಲ್ಲಿ ದಕ್ಕೆಯ ಆ ಜಾಗಕ್ಕೆ ಬೇರೆ ಹಡಗಿನ ಸರದಿ ಬಂತು. ಪಪ್ಪನ ಹಡಗು ಎರಡು ದಿನ ಹೊರಗೆ ಲಂಗರು ಹಾಕಿ ಕಾಯಬೇಕಾಯಿತು. ಆ ನಷ್ಟಕ್ಕೆ ಮಾಲೀಕರು ಹಡಗಿನ ಕಪ್ತಾನನನ್ನು ಬೈದರು, ಕಪ್ತಾನ ಬೋಸನನತ್ತ ಬೆರಳು ತೋರಿಸಿದ. ಮರಳಿ ಕರೆಯುವ ಮಾತು ಅಲ್ಲಿಗೆ ಖಲಾಸ್.

ಭಾನುವಾರ ಪಪ್ಪ ಎರಡು ಚೀಲ ಹೊತ್ತು ಬಂದರು. ನಾನು ಓಡಿಹೋಗಿ ತಬ್ಬಿಕೊಂಡೆ. ಅಂಗಿಯಲ್ಲಿ ಅದೇ ಡೀಸೆಲ್, ಅದೇ ಉಪ್ಪು. ಆದರೆ ಅವರು ನನ್ನ ತಲೆಯ ಮೇಲಿನಿಂದ ಬಾಗಿಲ ಹಿಂದಿದ್ದ ಸ್ಟೂಲನ್ನು ನೋಡುತ್ತಿದ್ದರು. ಅಂದಿನ ಜಗಳ ನಮ್ಮ ಮನೆಯ ಮೊದಲ ದೊಡ್ಡ ಜಗಳ.

"ನನ್ನ ಮನೆ ಅನ್ನ ಉಂಡವ, ನನ್ನ ಹೊಟ್ಟೆಗೆ ಹೊಡೆದ. ಎಲ್ಲ ಶಿಪ್ಪಲ್ಲಿಯೂ ಹಾಗೇ ಕಟ್ಟುದು. ಬೇರೆ ಪೈಲಟ್ ಆಗಿದ್ದರೆ ಸುಮ್ಮನೆ ಹತ್ತಿ ಬರ್ತಿದ್ದ. ಇವನಿಗೆ ಎಂತ ದೊಡ್ಡಸ್ತಿಕೆ?" ಎಂದರು ಪಪ್ಪ.

ಅಮ್ಮ ಬಟ್ಟಲು ತೊಳೆಯುತ್ತಾ ಹೇಳಿದಳು, "ಅವರು ಅವರ ಕೆಲಸ ಮಾಡಿದ್ದು."

"ಓಹೋ. ಹಾಗಾದರೆ ಅವರನ್ನೇ ಕೂರಿಸಿ ಬಡಿಸು."

"ಹಾಗೆಲ್ಲ ಮಾತಾಡಬೇಡಿ. ಮಗು ಇದ್ದಾಳೆ."

ಪಪ್ಪ ಎದ್ದು ಸ್ಟೂಲನ್ನು ಕಾರಿಡಾರಿಗೆ ಒಯ್ದು ಎದುರುಮನೆಯ ಬಾಗಿಲಿಗೆ ಒರಗಿಸಿಟ್ಟರು. ಸಂಜೆ ನೋಡಿದಾಗ ಅದು ಅಲ್ಲಿರಲಿಲ್ಲ. ಕ್ಯಾಪ್ಟನ್ ಒಳಗೆ ತೆಗೆದುಕೊಂಡಿದ್ದರು.

ಪಪ್ಪನಿಗೆ ಬೇರೆ ಹಡಗು ಸಿಗಲಿಲ್ಲ. ವಿಸಿಟ್ ವೀಸಾವನ್ನು ಮುಂದುವರಿಸಿಕೊಂಡು ಕಾದರು. ನಾಲ್ಕು ತಿಂಗಳ ಮೇಲೆ ದುಬೈ ಇನ್ವೆಸ್ಟ್‌ಮೆಂಟ್ಸ್ ಪಾರ್ಕಿನ ಒಂದು ಗೋದಾಮಿನಲ್ಲಿ ಕೆಲಸವಾಯಿತು. ಹಡಗುಗಳಿಗೆ ಹಗ್ಗ, ಸರಪಳಿ ಒದಗಿಸುವ ಕಂಪನಿ. ಕೊನೆಗೂ ಪಪ್ಪನಿಗೆ ಮನೆಯಲ್ಲಿರುವ ವೀಸಾ ಆಯಿತು. ನಾನು ಎಷ್ಟು ವರ್ಷ ಹಂಬಲಿಸಿದ್ದು ಇದಕ್ಕೇ ಅಲ್ಲವೇ? ದಿನಾ ಸಂಜೆ ಪಪ್ಪ ಬಾಗಿಲು ತಟ್ಟುತ್ತಾರೆ, ದಿನಾ ಅದೇ ಕುರ್ಚಿಯಲ್ಲಿ ಕೂರುತ್ತಾರೆ. ಟವೆಲ್ ಎಲ್ಲಿದೆ ಎಂದು ಕೇಳುವುದಿಲ್ಲ. ಆದರೆ ಅಂಗಿಗೆ ಹೊಸ ನೈಲಾನಿನ ವಾಸನೆ, ಉಪ್ಪು ಇಲ್ಲ. ಊಟ ಮಾಡುತ್ತಾ ಬಾಲ್ಕನಿಯಾಚೆ ಆ ಕಾರುಗಳನ್ನು ನೋಡುತ್ತಾರೆ. ಅಮ್ಮ ಒಣಸಿಗಡಿ ಹುರಿಯುವುದನ್ನು ಬಿಟ್ಟಳು. ಎದುರಿನ ಬಾಗಿಲಿನಿಂದ ಬೆಂಡೆಕಾಯಿ ಸಾರಿನ ವಾಸನೆ ಬಂದರೆ ಮೂವರೂ ತಟ್ಟೆ ನೋಡುತ್ತಾ ಉಣ್ಣುತ್ತಿದ್ದೆವು. ಲಿಫ್ಟಿನಲ್ಲಿ ಕ್ಯಾಪ್ಟನ್ ಸಿಕ್ಕರೆ ಪಪ್ಪ ಮೆಟ್ಟಿಲಿಳಿದು ಹೋಗುತ್ತಿದ್ದರು. ಕ್ಯಾಪ್ಟನ್ ಮಾತ್ರ ಪ್ರತಿ ಸಲವೂ "ಗುಡ್ ಮಾರ್ನಿಂಗ್, ಬೋಸನ್" ಎನ್ನುತ್ತಿದ್ದರು. ಗೋದಾಮಿನಲ್ಲಿ ಪಪ್ಪನನ್ನು ಯಾರೂ ಹಾಗೆ ಕರೆಯುತ್ತಿರಲಿಲ್ಲ. ಅಪ್ಪನಿಗಾಗಿ ಹಂಬಲಿಸಿದ್ದ ನಾನು, ಅಪ್ಪ ಎದುರೇ ಇರುವಾಗ ಹಳೆಯ ಶುಕ್ರವಾರಗಳಿಗಾಗಿ ಹಂಬಲಿಸತೊಡಗಿದೆ. ಅದು ಪಪ್ಪನಿಗೆ ಮಾಡುವ ದ್ರೋಹವೆಂದು ನನಗೆ ಅನಿಸುತ್ತಿತ್ತು.

ಹೀಗೆ ಒಂದು ವರ್ಷ ದಾಟಿತು. ಒಂದು ಸಂಜೆ ಶಾಲೆಯಿಂದ ಬಂದಾಗ ಕ್ಯಾಪ್ಟನ್ನರ ಬಾಗಿಲು ತೆರೆದಿತ್ತು. ಹಾಲಿನ ತುಂಬ ರಟ್ಟಿನ ಪೆಟ್ಟಿಗೆಗಳು. ಗೋಡೆಯ ಮೇಲೆ ಸರ್ಟಿಫಿಕೇಟು ಇದ್ದ ಜಾಗ ಬೆಳ್ಳಗೆ ಕಾಣುತ್ತಿತ್ತು. ಅವರು ನೆಲದ ಮೇಲೆ ಕೂತು ಒಂದು ಪೆಟ್ಟಿಗೆಗೆ ಪ್ಲಾಸ್ಟಿಕ್ ಹಗ್ಗ ಸುತ್ತುತ್ತಿದ್ದರು. ಗಲ್ಫಿನಿಂದ ಊರಿಗೆ ಹೊರಟವರ ಪೆಟ್ಟಿಗೆಯನ್ನು ನೀವು ನೋಡಿರುತ್ತೀರಿ. ಹಗ್ಗದ ಅಡ್ಡ ಉದ್ದ ಸುತ್ತು, ಮೇಲೆ ಮಾರ್ಕರಿನಲ್ಲಿ ಹೆಸರು. ಅವರ ಪೆಟ್ಟಿಗೆ ನೋಡಿ ನನಗೆ ಆ ದುಃಖದಲ್ಲೂ ನಗು ಬಂತು. ಇಪ್ಪತ್ತು ವರ್ಷ ಕಟ್ಟಿಸಿಯೇ ಅಭ್ಯಾಸ, ಕಟ್ಟಿ ಅಲ್ಲ. ಎತ್ತಿದರೆ ಸುತ್ತೆಲ್ಲ ಒಂದು ಕಡೆಗೆ ಜಾರುತ್ತಿತ್ತು.

"ಬಾ, ಕೆಡೆಟ್. ಕಾಗದ ಬಂತು. ಹಾರ್ಬರ್ ಮಾಸ್ಟರ್," ಎಂದರು.

"ನಿಮ್ಮ ನದಿಗಾ?"

"ನನ್ನ ನದಿಗೆ. ಶನಿವಾರದ ವಿಮಾನ."

ಅವರ ಜೀವಮಾನದ ಆಸೆ ಅದು. ನಾನು ಸಂತೋಷ ಎನ್ನಬೇಕಿತ್ತು. ಅದರ ಬದಲು ಒಂದು ವರ್ಷದಿಂದ ನುಂಗಿಕೊಂಡಿದ್ದ ಪ್ರಶ್ನೆ ಹೊರಬಂತು. ನಮ್ಮ ಮನೆಯಲ್ಲಿ ಉಂಡು ಪಪ್ಪನಿಗೆ ಹಾಗೆ ಯಾಕೆ ಮಾಡಿದಿರಿ ಎಂದು ಕೇಳಿಯೇಬಿಟ್ಟೆ. ಅವರು ಹಗ್ಗ ಕೆಳಗಿಟ್ಟರು.

"ಆ ನದಿಯಲ್ಲಿ ನಾನು ಕೆಡೆಟ್ ಆಗಿದ್ದೆ. ನಮ್ಮ ಬೋಸನ್ ವಯಸ್ಸಾದವನು. ಅಡುಗೆಯವನು ಕೆಡೆಟ್‌ಗಳಿಗೆ ಮೂಳೆ ಮಾತ್ರ ಹಾಕುತ್ತಿದ್ದ, ಬೋಸನ್ ತನ್ನ ತಟ್ಟೆಯ ಮೀನನ್ನು ನನಗೆ ತೆಗೆದಿಡುತ್ತಿದ್ದ. ಒಂದು ಬೆಳಿಗ್ಗೆ ಅವನು ಪೈಲಟ್ ಏಣಿಗೆ ಕೊಂಡಿ ಹಾಕಿದ್ದನ್ನು ನೋಡಿದೆ. ತಪ್ಪು ಅಂತ ನನಗೆ ಗೊತ್ತಿತ್ತು, ಪುಸ್ತಕದಲ್ಲಿ ಓದಿದ್ದೆ. ಊಟ ಹಾಕಿದವನಿಗೆ ಹೇಗೆ ಹೇಳುವುದು ಅಂತ ಸುಮ್ಮನಾದೆ. ಮೆಟ್ಟಿಲು ಸೀಳಿತು. ಪೈಲಟ್ ಬೋಟಿಗೂ ಹಡಗಿಗೂ ನಡುವೆ ಬಿದ್ದರು. ಅವರ ಟೋಪಿ ಮಾತ್ರ ತೇಲಿತು."

ಅವರು ಕೆಳಗಿಟ್ಟ ಹಗ್ಗವನ್ನು ಮತ್ತೆ ಎತ್ತಿಕೊಂಡರು.

"ನಿನ್ನ ಪಪ್ಪ ಮೇಲಿಂದ ನಕ್ಕರು, ಕೆಡೆಟ್. ನಿನ್ನದೇ ನಗು. ನನ್ನ ಚೀಲದಲ್ಲಿ ನಿನ್ನ ಅಮ್ಮನ ಡಬ್ಬಿ. ಹತ್ತಿಬಿಡು ಅಂತ ಕಾಲು ಎತ್ತಿದೆ. ಆಗ ಆ ಟೋಪಿ ನೆನಪಾಯಿತು."

ರಾತ್ರಿ ಊಟದ ಹೊತ್ತಿಗೆ ನಾನು ಪಪ್ಪನಿಗೆ ಎಲ್ಲವನ್ನೂ ಹೇಳಿದೆ. ಬೈಸಿಕೊಳ್ಳಲು ಸಿದ್ಧಳಾಗಿಯೇ ಹೇಳಿದೆ. ಪಪ್ಪ ಬೈಯಲಿಲ್ಲ. ಅನ್ನ ಕಲಸುತ್ತಾ ಕೇಳಿದ ಪ್ರಶ್ನೆ ಒಂದೇ.

"ಆ ಬೋಸನ್ ಆಮೇಲೆ ಎಂತ ಆದನಂತೆ?"

ಅದನ್ನು ನಾನು ಕೇಳಿರಲಿಲ್ಲ. ಹಾಗೆಂದೆ. ಪಪ್ಪ ಕಲಸಿದ ಅನ್ನವನ್ನು ಉಣ್ಣದೆ ಎದ್ದು ಕೈತೊಳೆದರು. ಅಮ್ಮ ಅವರ ಬೆನ್ನನ್ನೇ ನೋಡುತ್ತಿದ್ದಳು. ಆಮೇಲೆ, ಯಾರನ್ನೂ ನೋಡದೆ, ತಾನು ಅಂದು ಫೋನ್ ಮಾಡದೆ ಇದ್ದಿದ್ದರೆ ಒಳ್ಳೆಯದಿತ್ತೇನೋ ಎಂದಳು.

ಮರುದಿನ ಗುರುವಾರ ಗೋದಾಮಿನಿಂದ ಬರುವಾಗ ಪಪ್ಪನ ಕೈಯಲ್ಲಿ ಒಂದು ಸುರುಳಿ ಹಗ್ಗವಿತ್ತು. ಪೆಟ್ಟಿಗೆ ಕಟ್ಟುವ ಅಗ್ಗದ ಪ್ಲಾಸ್ಟಿಕ್ ಅಲ್ಲ, ಹಡಗಿಗೆ ಒಯ್ಯುವ ಮನಿಲಾ ಹಗ್ಗ, ಬೆರಳು ದಪ್ಪದ್ದು. ಅದನ್ನು ಬಾಗಿಲ ಹಿಂದೆ, ಸ್ಟೂಲು ಇರುತ್ತಿದ್ದ ಜಾಗದಲ್ಲಿ ಇಟ್ಟರು. ಶುಕ್ರವಾರ ಬೆಳಿಗ್ಗೆ ಸ್ನಾನ ಮಾಡಿ, ಇಸ್ತ್ರಿ ಅಂಗಿ ಹಾಕಿ, ಹಗ್ಗ ಹೆಗಲಿಗೇರಿಸಿ ಎದುರುಮನೆಯ ಬಾಗಿಲು ತಟ್ಟಿದರು. ನಾನು ಹಿಂದೆಯೇ ಹೋದೆ, ಯಾರೂ ತಡೆಯಲಿಲ್ಲ. ಕ್ಯಾಪ್ಟನ್ ಬಾಗಿಲು ತೆರೆದು ಪಕ್ಕಕ್ಕೆ ಸರಿದು ನಿಂತರು. ಪಪ್ಪ ಒಳಗೆ ಹೋಗಿ ಆ ಪೆಟ್ಟಿಗೆಗಳ ಪ್ಲಾಸ್ಟಿಕ್ ಹಗ್ಗವನ್ನೆಲ್ಲ ಚಾಕುವಿನಿಂದ ಕತ್ತರಿಸಿ ಹಾಕಿದರು. ಆಮೇಲೆ ನೆಲದ ಮೇಲೆ ಮೊಣಕಾಲೂರಿ ಒಂದೊಂದನ್ನೇ ಹೊಸದಾಗಿ ಕಟ್ಟತೊಡಗಿದರು. ಪಪ್ಪ ಹಗ್ಗದ ಕೆಲಸ ಮಾಡುವುದನ್ನು ನಾನು ಅದೇ ಮೊದಲು ನೋಡಿದ್ದು. ಮನೆಯಲ್ಲಿ ಟವೆಲ್ ಹುಡುಕುವಾಗ ತಡಕಾಡುತ್ತಿದ್ದ ಕೈಗಳು ಅವೇ ಎಂದು ನಂಬಲಾಗಲಿಲ್ಲ. ಆ ಕೈಗಳನ್ನು ನೋಡುತ್ತಾ ಸಮುದ್ರ ನನಗೂ ಬೇಕು ಅನಿಸಿತು. ಇಂದು ನಾನು ಒಂದು ಹಡಗಿನಲ್ಲಿ ಮೂರನೇ ಮೇಟ್, ಪೈಲಟ್ ಏಣಿಯನ್ನು ಪರೀಕ್ಷಿಸುವುದು ನನ್ನ ಕೆಲಸ. ಅದರ ಮೂಲ ಹುಡುಕಿದರೆ ಆ ನೆಲದ ಮೇಲಿನ ಪೆಟ್ಟಿಗೆಗಳ ಹತ್ತಿರ ಹೋಗಿ ನಿಲ್ಲುತ್ತೇನೆ.

ಕೊನೆಯ ಪೆಟ್ಟಿಗೆ ಮುಗಿದಾಗ ಪಪ್ಪ ತಲೆ ಎತ್ತದೆ ತಮ್ಮ ಹಡಗಿನ ಇಂಗ್ಲಿಷಿನಲ್ಲಿ ಹೇಳಿದರು:

"ನೋಡಿ, ಕ್ಯಾಪ್ಟನ್. ಬೇರೆ ಪೈಲಟ್ ಬರುತ್ತಾನೆ ಅಂತ ಇದ್ದಿದ್ದರೆ ಅವತ್ತೂ ಹೀಗೇ ಕಟ್ಟುತ್ತಿದ್ದೆ. ಬರುವುದು ನಮ್ಮವರು ಅಂತ ಹೆಂಡತಿ ಹೇಳಿದಳು. ನಮ್ಮವರೇ ಅಲ್ಲವಾ, ಹತ್ತುತ್ತಾರೆ ಅಂತ ಕೊಂಡಿ ಹಾಕಿ, ನಾನು ಶೇವ್ ಮಾಡಲು ಹೋದೆ."

ಕ್ಯಾಪ್ಟನ್ ಬಗ್ಗಿದರು. ಪೆಟ್ಟಿಗೆಯ ಗಂಟನ್ನು ಬೆರಳಿನಿಂದ ಮುಟ್ಟಿ, ಹಗ್ಗವನ್ನು ಎರಡು ಸಲ ಜಗ್ಗಿ ನೋಡಿದರು. ಬಿಗಿಯಿತೇ ಹೊರತು ಜಾರಲಿಲ್ಲ. ಆಮೇಲೆ ಆ ದೊಡ್ಡ ಮನುಷ್ಯರು ಒಂದು ಕಾಲನ್ನು ಎತ್ತಿ ಪೆಟ್ಟಿಗೆಯ ಮೇಲಿಟ್ಟು, ಏಣಿಯ ಮೊದಲ ಮೆಟ್ಟಿಲು ಹತ್ತುವವರ ಹಾಗೆ ತಮ್ಮ ಭಾರವನ್ನು ಹಾಕಿದರು.

"ಹತ್ತುತ್ತೇನೆ, ಬೋಸನ್."

ಪಪ್ಪ ಅತ್ತದ್ದನ್ನು ನಾನು ನೋಡಿಲ್ಲ, ಅಂದೂ ನೋಡಲಿಲ್ಲ. ಮುಖ ಆ ಕಡೆ ತಿರುಗಿಸಿ ತುಂಡಾದ ಪ್ಲಾಸ್ಟಿಕ್ ಹಗ್ಗಗಳನ್ನು ತುಂಬ ಹೊತ್ತು ಆರಿಸುತ್ತಿದ್ದರು.

ಅಷ್ಟರಲ್ಲಿ ನಮ್ಮ ಮನೆಯಿಂದ ವಾಸನೆ ಬಂತು. ಅಮ್ಮ ಒಂದು ವರ್ಷದ ಮೇಲೆ ಒಣಸಿಗಡಿ ಹುರಿಯುತ್ತಿದ್ದಳು. ಕಾರಿಡಾರಿನ ಆ ತುದಿಯಲ್ಲಿ ಯಾರದೋ ಬಾಗಿಲು ದಡಕ್ಕನೆ ಮುಚ್ಚಿತು. ಮೂವರೂ ನಮ್ಮ ಮನೆಗೆ ಬಂದೆವು. ಕ್ಯಾಪ್ಟನ್ ಸ್ಟೂಲನ್ನು ಕಂಕುಳಲ್ಲಿ ಹಿಡಿದು ತಂದಿದ್ದರು. ಮೇಜಿನ ಪಕ್ಕ ಅದನ್ನು ಬಿಡಿಸಲು ಬಗ್ಗಿದಾಗ ಪಪ್ಪ ಅವರ ಕೈಯಿಂದ ತೆಗೆದುಕೊಂಡರು. ತಾವೇ ಬಿಡಿಸಿ, ತಾವೇ ಅದರ ಮೇಲೆ ಕೂತರು. ಆಮೇಲೆ ಕಾಲಿನಿಂದ ತಮ್ಮ ಕುರ್ಚಿಯನ್ನು ಮೆಲ್ಲನೆ ಹಿಂದಕ್ಕೆ ಸರಿಸಿದರು. ಕ್ಯಾಪ್ಟನ್ ಆ ಕುರ್ಚಿಯನ್ನು ನೋಡಿದರು, ಅಮ್ಮನನ್ನು ನೋಡಿದರು, ನನ್ನನ್ನು ನೋಡಿದರು.

"ಕೂತುಕೊಳ್ಳಿ ಮಾರಾಯ್ರೆ," ಎಂದರು ಪಪ್ಪ, ಕನ್ನಡದಲ್ಲೇ. "ಗಂಜಿ ತಣಿತದೆ."